ಹೊಟ್ಟೆಯ ತಯಾರಿ ಹಿಂದಿನ ಮಧ್ಯಾಹ್ನದಿಂದಲೇ

ದೂರದ ಓಟದಲ್ಲಿ 15ನೇ ಕಿಲೋಮೀಟರ್ ಹೊತ್ತಿಗೆ ಹೊಟ್ಟೆ ಕಿವುಚಿದರೆ ಬೆಳಿಗ್ಗೆ ತಿಂದ ತಿಂಡಿಯ ಮೇಲೆ ತಪ್ಪು ಹೊರಿಸುತ್ತೇವೆ. ನಾನು ಮೊದಲು ನೆನಪಿಸಿಕೊಳ್ಳುವುದು ಹಿಂದಿನ ದಿನದ ಮಧ್ಯಾಹ್ನದ ಊಟ. ಅನ್ನ ಬೇಗ ಅರಗುತ್ತದೆ. ಕಾಳು, ಸೊಪ್ಪಿನ ನಾರು ಮಾತ್ರ ಮರುದಿನವೂ ದೊಡ್ಡ ಕರುಳಿನಲ್ಲೇ ಇದ್ದು ಗ್ಯಾಸ್ ಎಬ್ಬಿಸುತ್ತದೆ. ಓಡುವಾಗ ರಕ್ತ ಹೆಚ್ಚಾಗಿ ಕಾಲಿಗೆ, ಚರ್ಮಕ್ಕೆ ಹರಿದು ಕರುಳಿಗೆ ಸಿಗುವುದು ಕಡಿಮೆಯಾಗುತ್ತದೆ. ಜೊತೆಗೆ ಹೆಜ್ಜೆ ಹೆಜ್ಜೆಗೂ ಕುಲುಕಾಟ.

ಹಾಗಾಗಿ ಭಾನುವಾರ 30 ಕಿ.ಮೀ. ಇದ್ದರೆ ಶನಿವಾರ ಮಧ್ಯಾಹ್ನದಿಂದಲೇ ಹುರುಳಿ ಸಾರು, ಕಡಲೆಕಾಳು ಉಸಲಿ, ಎಲೆಕೋಸು, ಹಸಿ ಈರುಳ್ಳಿ, ಹಲಸಿನ ಹಣ್ಣು ಬಂದ್. ಮುದ್ದೆಯೂ ಅವತ್ತು ಬೇಡ. ರಾತ್ರಿ ಏಳೂವರೆಯೊಳಗೆ ಬಿಳಿ ಅನ್ನ, ಖಾರ ಕಮ್ಮಿ ಹಾಕಿದ ತಿಳಿಸಾರು, ಮೆತ್ತಗೆ ಬೆಂದ ಕ್ಯಾರೆಟ್ ಪಲ್ಯ. ತುಪ್ಪ ಒಂದು ಚಮಚಕ್ಕೆ ಸಾಕು. ಶನಿವಾರ ಮದುವೆ ಊಟ ಇದ್ದರೆ ಉದ್ದದ ಓಟವನ್ನೇ ಒಂದೆರಡು ದಿನ ಮುಂದಕ್ಕೆ ಹಾಕುತ್ತೇನೆ.

ಬೆಳಿಗ್ಗೆಯದು ಗಡಿಯಾರದ ಲೆಕ್ಕ. ಐದೂವರೆಗೆ ಓಟವಾದರೆ ಮೂರೂವರೆಗೆ ತಿಂಡಿ. ಎರಡು ಗಂಟೆ ಅಂತರವಿದ್ದಾಗ ದೇಹದ ತೂಕದ ಪ್ರತಿ ಕೆ.ಜಿ.ಗೆ 1ರಿಂದ 2 ಗ್ರಾಂ ಕಾರ್ಬೋಹೈಡ್ರೇಟ್ ಸರಿ. ನಾನು ತೆಗೆದುಕೊಳ್ಳುವುದು 75 ಗ್ರಾಂ ಆಸುಪಾಸು: ನಾಲ್ಕು ಸಾಧಾರಣ ಇಡ್ಲಿ, ಚುಕ್ಕಿ ಬಿದ್ದಷ್ಟು ಕಳಿತ ಎರಡು ಏಲಕ್ಕಿ ಬಾಳೆಹಣ್ಣು, ಒಂದೂವರೆ ದೊಡ್ಡ ಚಮಚ ಬೆಲ್ಲದ ಪಾಕ. ಚಟ್ನಿ ಮುಟ್ಟುವುದಿಲ್ಲ, ಅದರ ಕಾಯಿಯ ಎಣ್ಣೆಯಂಶ ತಿಂದದ್ದನ್ನು ಹೊಟ್ಟೆಯಿಂದ ಬೇಗ ಇಳಿಯಗೊಡುವುದಿಲ್ಲ, ಹಸಿಮೆಣಸಿನಕಾಯಿ ಉರಿ ತರುತ್ತದೆ. ಬಿಸಿ ಇಡ್ಲಿಯನ್ನು ಮುರಿದು ಮೇಲೆ ಪಾಕ ಹಾಕಿ ಒಂದು ನಿಮಿಷ ಬಿಟ್ಟರೆ ಪೂರ್ತಿ ಹೀರಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒಣ ಇಡ್ಲಿ ಗಂಟಲಲ್ಲಿ ಇಳಿಯುವುದು ಕಷ್ಟ.

ತಿಂಡಿ ಮುಗಿದ ಕೂಡಲೇ ಅರ್ಧ ಲೋಟ ಕಾಫಿ. ಕಾಫಿ ಕರುಳನ್ನು ಎಬ್ಬಿಸುತ್ತದೆ, ಮನೆ ಬಿಡುವ ಮೊದಲೇ ಕೆಲಸ ಮುಗಿಯುತ್ತದೆ. ಓಟಕ್ಕೆ ಹದಿನೈದು ನಿಮಿಷ ಇರುವಾಗ ಕುಡಿದರೆ ಅದೇ ಕಾಫಿ ದಾರಿಯಲ್ಲಿ ಕೈಕೊಡುತ್ತದೆ. ಹಾಲು ಒಗ್ಗದವರು ಬರೀ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿಕೊಳ್ಳಿ. ನೀರು 300–400 ಮಿ.ಲೀ., ಗುಟುಕು ಗುಟುಕಾಗಿ. ಕೊನೆಯ ಮುಕ್ಕಾಲು ಗಂಟೆ ಬಾಯಿ ಒದ್ದೆ ಮಾಡಿಕೊಂಡರೆ ಸಾಕು.

ಓಟ ಒಂದೂವರೆ ಗಂಟೆ ದಾಟುವುದಾದರೆ ದಾರಿಯಲ್ಲಿ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ತುಂಬ ಜನ ಎಡವುವುದು ಇಲ್ಲೇ: ಜೆಲ್ (ಓಟಗಾರರಿಗೆಂದು ಪುಟ್ಟ ಪ್ಯಾಕೆಟ್‌ನಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಬಾಯಿಗೆ ಹಿಂಡಿಕೊಂಡು ಮೇಲೆ ಸಿಹಿ ಪಾನೀಯ ಕುಡಿಯುತ್ತಾರೆ. ಸಕ್ಕರೆ ಗಟ್ಟಿಯಾದಷ್ಟೂ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಕರುಳು ನೀರು ಎಳೆದುಕೊಂಡು ಉಬ್ಬರಿಸುತ್ತದೆ. ಜೆಲ್ ಮೇಲೆ ಬರೀ ನೀರು ಕುಡಿಯಬೇಕು. ಮನೆಯಲ್ಲೇ ಮಾಡುವುದಾದರೆ ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ದೊಡ್ಡ ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಇದಕ್ಕಿಂತ ಸಿಹಿ ಬೇಡ. ಡಬ್ಬಿ ಹಣ್ಣಿನ ರಸ ಇದರ ಎರಡರಷ್ಟು ಸಿಹಿ ಇರುತ್ತದೆ, ಅದರಿಂದ ಪಕ್ಕೆ ಹಿಡಿಯುವುದೂ ಉಂಟು.

ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿ ಓಡಲೇಬೇಡಿ. ಮಲದಲ್ಲಿ ರಕ್ತ ಕಂಡರೆ ಡಾಕ್ಟರ್ ಹತ್ತಿರ ಹೋಗಿ.

ಕರುಳಿಗೂ ಅಭ್ಯಾಸ ಮಾಡಿಸಬೇಕು. ರೇಸಿಗೆ ಎಂಟು ವಾರ ಇರುವಾಗ ಓಟದ ನಡುವೆ ಗಂಟೆಗೆ 30 ಗ್ರಾಂ ಕಾರ್ಬೋಹೈಡ್ರೇಟ್‌ನಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ 10 ಗ್ರಾಂ ಏರಿಸುತ್ತೇನೆ. ಹೊಟ್ಟೆ ತಕರಾರು ಮಾಡಿದ ವಾರ ಏರಿಸುವುದಿಲ್ಲ, ಹಿಂದಿನ ಅಳತೆಯಲ್ಲೇ ಮತ್ತೊಂದು ಉದ್ದದ ಓಟ ಮುಗಿಸುತ್ತೇನೆ.