ಥೈರಾಯ್ಡ್ ಮಾತ್ರೆ ನುಂಗಿದರೂ ಸುಸ್ತೇ? ಪೋಷಕಾಂಶ ಕೊರತೆ ಪತ್ತೆ ಹಚ್ಚುವ ಕ್ರಮ

ಕೂದಲು ಉದುರುತ್ತದೆ, ತೋಟದ ಏರು ಹತ್ತಿದರೆ ಏದುಸಿರು ಬರುತ್ತದೆ, ಪಾದ ಜೋಮು ಹಿಡಿಯುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾಗಿರುವವರು ಇವನ್ನೆಲ್ಲ ಥೈರಾಯ್ಡ್ ಲೆಕ್ಕಕ್ಕೇ ಬರೆದುಬಿಡುತ್ತಾರೆ. ಕಬ್ಬಿಣಾಂಶ ಅಥವಾ ವಿಟಮಿನ್ ಬಿ12 ಕಡಿಮೆಯಾದಾಗಲೂ ಹೀಗೆಯೇ ಆಗುತ್ತದೆ. ಅಂದಾಜಿನ ಮೇಲೆ ಮಲ್ಟಿವಿಟಮಿನ್ ತಂದು ನುಂಗಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ಮೊದಲು ಬೆಳಗಿನ ಕಾಫಿಯ ಸಮಯ ನೋಡಿ

ಕೊಡಗಿನಲ್ಲಿ ಎದ್ದ ಕೂಡಲೇ ಕಾಫಿ ಬೇಕು, ಹಲವು ಮನೆಗಳಲ್ಲಿ ಬೆಲ್ಲದ ಕಾಫಿ. ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್ ಜೊತೆಗೇ ಅದನ್ನು ಕುಡಿದರೆ ಔಷಧ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಮಾತ್ರೆ ನುಂಗಿ, ಕಾಫಿ ಮತ್ತು ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ನಸುಕಿನಲ್ಲೇ ಕೆಲಸಕ್ಕೆ ಹೊರಡುವವರಿಗೆ ಇದು ನಿಜಕ್ಕೂ ಕಷ್ಟ. ಅಂಥವರು ವೈದ್ಯರನ್ನು ಕೇಳಿ, ರಾತ್ರಿ ಊಟವಾದ ಮೂರು ಗಂಟೆಯ ಮೇಲೆ, ಮಲಗುವ ಹೊತ್ತಿಗೆ ನುಂಗಬಹುದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಮಳೆಗಾಲದ ತೇವ ಈ ಮಾತ್ರೆಗೆ ಆಗುವುದಿಲ್ಲ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಈ ಕ್ರಮ ಆರರಿಂದ ಎಂಟು ವಾರ ತಪ್ಪದೆ ನಡೆದ ಮೇಲೆ, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ನೋಡಿಸಿ. ಅದಿನ್ನೂ ಏರಿಯೇ ಇದ್ದರೆ ಡೋಸ್ ಸಾಲದೆ ಇರಬಹುದು. ಆದರೆ ಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ವಿಪರೀತ ಏದುಸಿರು ಇದ್ದರೆ, ಅಥವಾ ಗರ್ಭಿಣಿಯಾಗಿದ್ದರೆ, ಇಷ್ಟು ದಿನ ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಿ.

ರಕ್ತ ಕೊಡುವ ದಿನ

ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಬಹಳ ಇರುತ್ತದೆ. ಕೆಲವು ಪ್ರಯೋಗಾಲಯದ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಆ ವರದಿಯನ್ನು ನಂಬಿ ಡೋಸ್ ಇಳಿಸಿದರೆ ಸುಸ್ತು ಇನ್ನೂ ಹೆಚ್ಚುತ್ತದೆ. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲೇ ಆ ಕೂದಲಿನ ಮಾತ್ರೆ ನಿಲ್ಲಿಸಿ. ಬೆಳಿಗ್ಗೆ ರಕ್ತ ಕೊಟ್ಟ ನಂತರ ಥೈರಾಯ್ಡ್ ಮಾತ್ರೆ ನುಂಗಿ. ನಾಪೋಕ್ಲು, ಶನಿವಾರಸಂತೆಯ ಕಡೆಯಿಂದ ಮಡಿಕೇರಿಗೆ ಬರುವವರು ಫೆರಿಟಿನ್ (ಕಬ್ಬಿಣದ ದಾಸ್ತಾನಿನ ಪರೀಕ್ಷೆ) ಮತ್ತು ಬಿ12 ಅಲ್ಲೇ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಕೇಳಬೇಕಾದ ಪರೀಕ್ಷೆಗಳು

ಸಂಪೂರ್ಣ ರಕ್ತಕಣ ಎಣಿಕೆ ಮತ್ತು ಫೆರಿಟಿನ್ ಮೊದಲು. ಹಿಮೋಗ್ಲೋಬಿನ್ ಡೆಸಿಲೀಟರಿಗೆ ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ಅದು ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆ ದಾಸ್ತಾನನ್ನು ತಿಳಿಸುವುದು ಫೆರಿಟಿನ್. ಮಿಲಿಲೀಟರಿಗೆ 15 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಖಚಿತ. 30ಕ್ಕಿಂತ ಕೆಳಗಿದ್ದರೂ ಅನೇಕ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಜ್ವರ, ಸೋಂಕು ಇರುವಾಗ ಫೆರಿಟಿನ್ ತಾನಾಗಿ ಏರುವುದರಿಂದ ಆಗ ಮಾಡಿಸಬೇಡಿ. ಥೈರಾಯ್ಡ್ ಮಂದವಾದರೆ ಮುಟ್ಟಿನ ಸ್ರಾವ ಹೆಚ್ಚಾಗಿ ಕಬ್ಬಿಣ ಸೋರಿಹೋಗಬಹುದು. ಇತ್ತ ಥೈರಾಯ್ಡ್ ಹಾರ್ಮೋನು ತಯಾರಿಸುವ ಕಿಣ್ವಕ್ಕೂ ಕಬ್ಬಿಣವೇ ಬೇಕು. ಹೀಗೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆ, ಕರುಳಿನಲ್ಲಿ ರಕ್ತಸ್ರಾವ ಇದೆಯೇ ಎಂದು ನೋಡಿಸಲೇಬೇಕು.

ಮುಂದಿನದು ಬಿ12. ಹಂದಿ ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಇದರ ಕೊರತೆ ಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪಂದಿ ಕರಿ ಎಷ್ಟು ತಿಂದರೂ ಹೊಟ್ಟೆ ಅದರಲ್ಲಿರುವ ಬಿ12 ಅನ್ನು ಹೀರಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ಥೈರಾಯ್ಡ್ ಮಂದವಾಗಲು ಒಂದು ಮುಖ್ಯ ಕಾರಣ ಹಾಶಿಮೊಟೊ ಎಂಬ ಸ್ವಯಂರೋಗ. ದೇಹ ತನ್ನ ಗ್ರಂಥಿಯ ಮೇಲೆ ತಾನೇ ದಾಳಿ ಮಾಡುವುದು ಇದರ ಲಕ್ಷಣ. ಇದು ಇರುವವರಲ್ಲಿ ಹೊಟ್ಟೆಯ ಒಳಪದರದ ಮೇಲೂ ಅಂಥದ್ದೇ ದಾಳಿ ನಡೆಯುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯುತ್ತದೆ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಎಂದರೆ ಕೊರತೆ. 200ರಿಂದ 300ರ ನಡುವೆ ಇದ್ದು ಜೋಮು ಇದ್ದರೆ ಅದನ್ನೂ ಕಡೆಗಣಿಸಬೇಡಿ. ಬಿ12 ನೋಡಿಸದೆ ಬರೀ ಫೋಲಿಕ್ ಆಸಿಡ್ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರಗಳ ಹಾನಿ ಮುಂದುವರಿಯಬಹುದು.

ತಿಂಗಳುಗಟ್ಟಲೆ ಮೋಡ ಕವಿಯುವ ಊರಿನವರಾದ ನಾವು ವಿಟಮಿನ್ ಡಿಯನ್ನು ಮಳೆಗಾಲ ಮುಗಿದ ಮೇಲೆ ನೋಡಿಸುವುದು ಒಳ್ಳೆಯದು. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಸೆಲೆನಿಯಂ ಎಂಬ ಖನಿಜಾಂಶದ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ.

ಅಯೋಡಿನ್ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನುಂಗಲೇಬೇಡಿ, ಹಾಶಿಮೊಟೊ ಇರುವವರಿಗೆ ಹೆಚ್ಚಿನ ಅಯೋಡಿನ್ ಕೆಡುಕು ಮಾಡಬಹುದು. ಅಯೋಡಿನ್ ಬೆರೆಸಿದ ಉಪ್ಪು ಸಾಕು. ತೇವಕ್ಕೆ ಅದರ ಅಯೋಡಿನ್ ಹಾರಿಹೋಗುವುದರಿಂದ ಉಪ್ಪಿನ ಡಬ್ಬಿಯನ್ನೂ ಬಿಗಿಯಾಗಿ ಮುಚ್ಚಿಡಿ. ಕಣಿಲೆಯಲ್ಲಿ (ಎಳೆ ಬಿದಿರು) ಥೈರಾಯ್ಡ್ ಕೆಲಸಕ್ಕೆ ಅಡ್ಡಿಮಾಡುವ ಅಂಶವಿದೆ, ಆದರೆ ಅದನ್ನು ನಮ್ಮ ಹಿರಿಯರಂತೆ ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ ಬಳಸಿದರೆ ಮಳೆಗಾಲದಲ್ಲಿ ಮಿತವಾಗಿ ತಿನ್ನಲು ಅಂಜಬೇಕಿಲ್ಲ.

ಕೊರತೆ ಕಂಡುಬಂದರೆ

ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆಯ ಅಂತರ ಉಳಿಯುವಂತೆ ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನ ಅಥವಾ ಸಂಜೆಗೆ ಇಟ್ಟುಕೊಳ್ಳಿ. ಊಟದ ಜೊತೆ ಕಾಫಿ ಬೇಡ, ಅದು ಸೊಪ್ಪು, ಕಾಳುಗಳ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಕಿತ್ತಳೆ, ನೆಲ್ಲಿಕಾಯಿ ಇದ್ದರೆ ಊಟದೊಂದಿಗೆ ತಿನ್ನಿ. ಬಿ12 ಮಾತ್ರೆ ಸಾಕೇ, ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ಕೊರತೆಯ ಕಾರಣ ನೋಡಿ ಹೇಳುತ್ತಾರೆ. ಮೂರು ತಿಂಗಳ ನಂತರ ಫೆರಿಟಿನ್ ಮತ್ತೆ ಮಾಡಿಸಿ, ಹಳೆಯ ವರದಿಯನ್ನೂ ಜೊತೆಗೆ ಒಯ್ಯಿರಿ.