ಮಗನನ್ನು ದಾವಣಗೆರೆಗೆ ಕಳಿಸಿದ್ದೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಹೊಸದಾಗಿ ಬಂದ ದಾವಣಗೆರೆ ಕಡೆಯವರು ಫೋನ್ ಮಾಡಿ ಮನೆ, ಸ್ಕೂಲು, ಕಾರು ಅಂತ ಕೇಳುತ್ತಾರೆ. ಇನ್ಶೂರೆನ್ಸ್ ಕಾರ್ಡು ಬಂದ ದಿನವೇ ಒಬ್ಬ ಮನೆ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ, ಉಳಿದದ್ದೆಲ್ಲ ಆಗುತ್ತದೆ. ಯಾರೂ ಕೇಳದ ವಿಷಯ ಒಂದಿದೆ, ನೋವಿನ ಗುಳಿಗೆಯ ಚಟ.

ನನ್ನ ಮಗನಿಗೆ ಮೊಣಕಾಲು ಆಪರೇಷನ್ ಆದಾಗ ನೋವಿಗೆ ಆಕ್ಸಿಕೋಡೋನ್ ಅನ್ನುವ, ಅಫೀಮಿನ ಜಾತಿಯ ಗುಳಿಗೆ ಕೊಟ್ಟರು. ಕಾಲು ವಾಸಿಯಾಯ್ತು, ಗುಳಿಗೆ ಬಿಡಲಿಲ್ಲ. ಗೊತ್ತಾದ ಕೂಡಲೇ ಟಿಕೆಟ್ ತೆಗೆಸಿ ಅವನನ್ನು ದಾವಣಗೆರೆಗೆ ನನ್ನ ಅಮ್ಮನ ಹತ್ತಿರ ಕಳಿಸಿದೆ. ಊರಿನ ಗಾಳಿ, ಅಜ್ಜಿ ಕೈ ಊಟ, ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ತಾತನ ಜೊತೆ ವಾಕಿಂಗ್, ಸಂಜೆ ಮಂಡಕ್ಕಿ ಮೆಣಸಿನಕಾಯಿ, ಇಷ್ಟರಲ್ಲಿ ಸರಿಹೋಗುತ್ತಾನೆ ಅಂತ ನಂಬಿದ್ದೆ. ಗುಳಿಗೆ ನಿಂತದ್ದಕ್ಕೆ ಮೊದಲ ವಾರ ವಾಂತಿ, ಮೈ ನಡುಕ. ಅಮ್ಮ ಜ್ವರ ಅಂದುಕೊಂಡು ಕಷಾಯ ಕುಡಿಸಿದರು, ಯಾಕಂದ್ರೆ ನಾನು ನಿಜ ಹೇಳಿರಲಿಲ್ಲ.

ಎರಡು ತಿಂಗಳಿಗೆ ಮೈಕೈ ತುಂಬಿಕೊಂಡು ಬಂದ. ಒಂಬತ್ತನೇ ದಿನ ಮತ್ತೆ ಗುಳಿಗೆ ನುಂಗಿ ಬಾತ್‌ರೂಮಿನಲ್ಲಿ ಬಿದ್ದಿದ್ದ. ತುಟಿ ನೀಲಿ. ಆಂಬುಲೆನ್ಸಿನವರು ಮೂಗಿಗೆ ನಲಾಕ್ಸೋನ್ ಅನ್ನುವ, ಗುಳಿಗೆಯ ಅಮಲು ಇಳಿಸಿ ಉಸಿರು ಮರಳಿಸುವ ಔಷಧಿ ಹೊಡೆದು ಉಳಿಸಿದರು.

ಗುಳಿಗೆಯನ್ನು ಕೆಲವು ವಾರ ನಿಲ್ಲಿಸಿದರೆ ಮೈಗೆ ಮೊದಲಿನ ತಾಳಿಕೆ ಇರುವುದಿಲ್ಲ. ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಹೊರಗೆ ಕದ್ದು ಮಾರುವ ಗುಳಿಗೆಯಲ್ಲಿ ಫೆಂಟನಿಲ್ ಅನ್ನುವ ಇನ್ನೂ ಬಲವಾದ ಅಮಲು ಪದಾರ್ಥ ಇದ್ದರಂತೂ ಮುಗಿಯಿತು. ಯಾರೂ ನನಗೆ ಇದನ್ನು ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ನಲಾಕ್ಸೋನ್ ಸ್ಪ್ರೇ 2023ರಿಂದ ಇಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ತಂದಿಡಿ.

ಚಟಕ್ಕೆ ಔಷಧಿ ಇದೆ, ಬುಪ್ರೆನಾರ್ಫಿನ್ ಅಂತ. ನಲಾಕ್ಸೋನ್ ಸೇರಿಸಿ ಮಾಡಿದ್ದು ಸುಬಾಕ್ಸೋನ್. ನಾಲಿಗೆ ಕೆಳಗೆ ಇಟ್ಟುಕೊಂಡರೆ ಕರಗುತ್ತದೆ. ಒಳಗಿನ ಚಡಪಡಿಕೆ ಇಳಿದು ಮನುಷ್ಯ ಕೆಲಸಕ್ಕೆ ಹೋಗುವ ಹಾಗಾಗುತ್ತಾನೆ. ಮೊದಲ ಡೋಸ್ ಯಾವಾಗ ಅನ್ನುವುದನ್ನು ಮಾತ್ರ ಡಾಕ್ಟರ್ ಹೇಳಿದಂತೆ ಕೇಳಿ, ಅವಸರ ಮಾಡಿದರೆ ಸಂಕಟ ಇನ್ನೂ ಜಾಸ್ತಿ ಆಗುತ್ತದೆ. 2022ರ ಕೊನೆಯವರೆಗೆ ಇದನ್ನು ಬರೆಯಲು ಡಾಕ್ಟರಿಗೆ ಬೇರೆ ಅನುಮತಿ ಬೇಕಿತ್ತು. ಈಗ ಬೇಡ, ನಿಮ್ಮ ಮನೆ ಡಾಕ್ಟರನ್ನೇ ಕೇಳಿ. ಇದೇ ಚಟಕ್ಕೆ ಕೊಡುವ ಇನ್ನೊಂದು ಔಷಧಿ ಮೆಥಡೋನ್ ಆದರೆ ಅದಕ್ಕೆಂದೇ ಇರುವ ಕ್ಲಿನಿಕ್ಕಿಗೆ ಹೋಗಬೇಕು, ಶುರುವಿನಲ್ಲಿ ಹೆಚ್ಚುಕಡಿಮೆ ದಿನಾ.

ದುಡ್ಡಿನಲ್ಲೂ ತಪ್ಪು ಮಾಡಿದೆ. ಆಫೀಸಿನಲ್ಲಿ ಗೊತ್ತಾದೀತು ಅಂತ ಹೆದರಿ ಇನ್ಶೂರೆನ್ಸ್ ಮುಟ್ಟದೆ, ನಗದು ಮಾತ್ರ ತಗೊಳ್ಳುವ ಒಂದು ಕ್ಲಿನಿಕ್ಕಿಗೆ ಐದು ತಿಂಗಳು ಸುರಿದೆ. ಮನೆಯಲ್ಲಿ ಯಾರಿಗೆ ಯಾವ ಔಷಧಿ ಅಂತ ಇನ್ಶೂರೆನ್ಸಿನವರು ನಿಮ್ಮ ಮ್ಯಾನೇಜರಿಗೆ ಹೇಳುವಂತಿಲ್ಲ. ಮಕ್ಕಳು 26 ವರ್ಷ ತುಂಬುವವರೆಗೆ ನಮ್ಮ ಪಾಲಿಸಿಯಲ್ಲೇ ಇರಬಹುದು. ಬ್ರ್ಯಾಂಡ್ ಬೇಡ, ಜೆನೆರಿಕ್ ಬರೆಯಿರಿ ಅನ್ನಿ. ಒಂದೇ ಔಷಧಿಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ರೇಟು, ನಾಲ್ಕು ಕಡೆ ಫೋನ್ ಮಾಡಿ, ಗುಡ್‌ಆರ್‌ಎಕ್ಸ್ ತರಹದ ಕೂಪನ್ ಕೂಡ ನೋಡಿ. ಇನ್ಶೂರೆನ್ಸೇ ಇಲ್ಲದಿದ್ದರೆ ಸರ್ಕಾರದ ನೆರವಿನ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಲ್ಲಿ ಆದಾಯ ನೋಡಿ ಫೀಸು ಹಾಕುತ್ತಾರೆ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಸಹಾಯವಾಣಿ 1-800-662-4357ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ, ದುಡ್ಡೂ ಇಲ್ಲ. ಈ ಔಷಧಿ ಮುಗಿಯುವ ನಾಲ್ಕು ದಿನ ಮೊದಲೇ ಅಂಗಡಿಯಲ್ಲಿ ಸ್ಟಾಕ್ ಇದೆಯಾ ವಿಚಾರಿಸಿ.

ಇಷ್ಟೆಲ್ಲ ಆದಮೇಲೂ ಬುಪ್ರೆನಾರ್ಫಿನ್ ತಗೊಳ್ಳುತ್ತಿದ್ದ ಮಗನನ್ನು ನಾನು ಪ್ರತಿ ತಿಂಗಳು 'ಇದನ್ನ ಯಾವಾಗ ಬಿಡ್ತೀಯ?' ಅಂತ ಕೇಳುತ್ತಿದ್ದೆ. ಅಮ್ಮ ಇಪ್ಪತ್ತು ವರ್ಷದಿಂದ ಬಿಪಿ ಗುಳಿಗೆ ನುಂಗುತ್ತಿದ್ದಾರೆ, ಅವರನ್ನು ಒಂದು ದಿನವೂ ಹಾಗೆ ಕೇಳಿಲ್ಲ. ಕನ್ನಡ ಕೂಟದ ಗಣಪತಿ ಹಬ್ಬಕ್ಕೆ ಅವನನ್ನು ಬಿಟ್ಟು ಹೋಗುತ್ತಿದ್ದೆ. ಯಾರಾದರೂ ಕೇಳಿದರೆ ಪರೀಕ್ಷೆ ಇದೆ ಅನ್ನುತ್ತಿದ್ದೆ. ಒಂದು ರಾತ್ರಿ ಅವನೇ ಅಂದ, 'ಅಪ್ಪಾ, ದಾವಣಗೆರೆ ಅಂದ್ರೆ ಈಗ ನನಗೆ ಆ ವಾಂತಿನೇ ನೆನಪಾಗೋದು.' ಚಿಕ್ಕವನಿದ್ದಾಗ ಪ್ರತಿ ಬೇಸಿಗೆಗೆ ಅಲ್ಲಿಗೆ ಹೋಗಬೇಕು ಅಂತ ಅಳುತ್ತಿದ್ದ ಹುಡುಗ. ಅವನ ಊರನ್ನು ಅವನಿಂದ ಕಿತ್ತುಕೊಂಡವನು ನಾನೇ.

ಮರುದಿನ ಅಮ್ಮನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, 'ಆವತ್ತೇ ಹೇಳಿದ್ರೆ ಕಷಾಯ ಕುಡಿಸ್ತಿದ್ನಾ' ಅಂದರು.

ಈಗ ಭಾನುವಾರ ಅವನು ಔಷಧಿ ಬಾಯಿಗೆ ಹಾಕಿಕೊಂಡೇ ವಿಡಿಯೋ ಕಾಲ್ ಮಾಡುತ್ತಾನೆ. ಕರಗುವವರೆಗೆ ಮಾತಾಡುವ ಹಾಗಿಲ್ಲ. ಅಮ್ಮ ವಿದ್ಯಾನಗರದ ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ದುಗ್ಗಮ್ಮನ ಜಾತ್ರೆಗೆ ಯಾರ್‍ಯಾರು ಬಂದಿದ್ದರು ಅಂತ ಒಬ್ಬರೇ ಹೇಳುತ್ತಾ ಹೋಗುತ್ತಾರೆ. ಅವನು ತಲೆ ಆಡಿಸುತ್ತಾನೆ. ಆಮೇಲೆ ಅವರೇ ಕೇಳುತ್ತಾರೆ, 'ಕರಗಿತೇನಪ್ಪಾ?'