ಟೈರ್ ಬದಲಿಸಿದೆ, ನಮ್ಮೂರು ಐದು ಕಿಲೋಮೀಟರ್ ಹತ್ತಿರ ಬಂತು!

ನಾನು ತುಮಕೂರಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಚಿತ್ರದುರ್ಗದಲ್ಲಿದೆ. ವಾರಕ್ಕೊಮ್ಮೆ ಹೋಗಿ ಬರುವುದು. ರೂಮಿನ ಗೇಟಿನಿಂದ ಮನೆ ಬಾಗಿಲಿಗೆ ನನ್ನ ಕಾರಿನ ಟ್ರಿಪ್ ಮೀಟರ್ ಯಾವಾಗಲೂ 132 ಕಿಲೋಮೀಟರ್ ತೋರಿಸುತ್ತಿತ್ತು. ಟೈರ್ ಬದಲಿಸಿದ ವಾರ ಮನೆ ಮುಂದೆ ನಿಲ್ಲಿಸಿ ನೋಡಿದರೆ 126.4. ಅದೇ ರಸ್ತೆ, ಅದೇ ಶಿರಾ, ಅದೇ ಹಿರಿಯೂರು. ಐದೂವರೆ ಕಿಲೋಮೀಟರ್ ಎಲ್ಲಿ ಹೋಯಿತು?

ಕಾರು 2013ರ ಪೆಟ್ರೋಲ್ ಸ್ವಿಫ್ಟ್, ವಿಎಕ್ಸ್‌ಐ ಮಾದರಿ. ಕಂಪನಿಯಿಂದ ಬಂದದ್ದು 14 ಇಂಚಿನ ಕಬ್ಬಿಣದ ರಿಮ್, 165/80 ಆರ್14 ಟೈರ್. ನಾಲ್ಕೂ ಟೈರ್ ಸವೆದು ಬೋಳಾಗಿದ್ದವು. ಹೊಸದು ಹಾಕಿಸೋಣ ಅಂತ ಹೋದವನಿಗೆ ಅಂಗಡಿಯಲ್ಲಿ 15 ಇಂಚಿನ ಅಲಾಯ್ ವೀಲ್ ಕಣ್ಣಿಗೆ ಬಿತ್ತು. "ಹಾಕ್ಸಿ ನೋಡಿ ಸಾರ್, ಇದಕ್ಕೆ 195/65 ಟೈರ್ ಹಾಕಿದ್ರೆ ಗ್ರಿಪ್ ಸೂಪರ್ರು. ಮೈಲೇಜ್‌ಗೆ ಏನೂ ಆಗಲ್ಲ" ಅಂದರು. ನನಗೂ ಆಸೆ ಇತ್ತು. ಹಾಕಿಸಿದೆ. ಕಾರು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, ಅದನ್ನು ಮಾತ್ರ ಒಪ್ಪಬೇಕು.

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿಸಿದಾಗ ಲೀಟರ್, ಮೀಟರ್ ಎರಡನ್ನೂ ಬರೆಯುವ ಚಾಳಿ. ಹಳೇ ಟೈರ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸರಾಸರಿ ಲೀಟರ್‌ಗೆ 16.8. ಹೊಸ ಟೈರ್ ಹಾಕಿದ ಮೇಲೆ ಮೊದಲ ಲೆಕ್ಕ 14.6! ಹೊಟ್ಟೆ ಉರಿಯಿತು.

ಆದರೆ ಅದು ಆಷಾಢ. ಚಿತ್ರದುರ್ಗದ ಗಾಳಿ ಗೊತ್ತಲ್ವಾ? ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಊರಿಗೆ ಹೋಗುವಾಗ ಗಾಳಿ ಎದುರಿಗೇ ಬಂದು ತಳ್ಳುತ್ತದೆ. ವಾಪಸ್ ಬರುವಾಗ ಬೆನ್ನಿಗೆ ಸಿಗುತ್ತದೆ, ಆದರೆ ಹೋಗುವಾಗ ಕಳೆದುಕೊಂಡಷ್ಟನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ಟೈರ್‌ನ ತಪ್ಪು ಯಾವುದು, ಗಾಳಿಯ ತಪ್ಪು ಯಾವುದು ಅಂತ ಆಷಾಢದಲ್ಲಿ ಬೇರೆ ಮಾಡಲು ಆಗುವುದೇ ಇಲ್ಲ. ಹಾಗಾಗಿ ಅಕ್ಟೋಬರ್‌ವರೆಗೆ ಕಾದೆ.

ಅಳೆಯುವ ರೀತಿಯನ್ನೂ ಸ್ವಲ್ಪ ಬಿಗಿ ಮಾಡಿದೆ. ಒಂದೇ ಬಂಕ್, ಒಂದೇ ಪಂಪ್, ನಳಿಕೆ ಮೊದಲ ಸಲ ಕಟ್ ಆದ ತಕ್ಷಣ ನಿಲ್ಲಿಸುವುದು. ಹುಡುಗರು ಪ್ರೀತಿಯಿಂದ "ರೌಂಡ್ ಫಿಗರ್ ಮಾಡ್ಲಾ ಸಾರ್" ಅಂತಾರೆ, ಬೇಡ ಅನ್ನಬೇಕು. ಒಂದು ಸಲ ಹೋಗಿ ಬರಲು 16 ಲೀಟರ್ ಬೇಕು. ಅದರಲ್ಲಿ ಅರ್ಧ ಲೀಟರ್ ಹೆಚ್ಚುಕಮ್ಮಿ ಆದರೆ ಲೆಕ್ಕ ಶೇ 3 ತಪ್ಪಿತು. ಅದಕ್ಕೇ ನಾಲ್ಕು ಟ್ರಿಪ್ ಒಟ್ಟು ಹಾಕಿ ಸರಾಸರಿ ತೆಗೆದೆ. ವೇಗ 80–85, ಎಸಿ ಹಳೇ ಲೆಕ್ಕದಲ್ಲಿದ್ದ ಹಾಗೇ ಆನ್. ಬಂದದ್ದು 15.2.

16.8 ಎಲ್ಲಿ, 15.2 ಎಲ್ಲಿ? ಶೇ 9ಕ್ಕೂ ಜಾಸ್ತಿ ನಷ್ಟ. ಈ ಸಂಖ್ಯೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆ 126.4 ನೆನಪಾಗದಿದ್ದರೆ ಈಗಲೂ ಅದನ್ನೇ ಹೇಳುತ್ತಿದ್ದೆನೇನೋ.

ಕಾರಿಗೆ ಕಿಲೋಮೀಟರ್ ಅನ್ನುವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದು ಮಾತ್ರ. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಹಾಕಿಟ್ಟ ಲೆಕ್ಕದಿಂದ ಅದು ಕಿಲೋಮೀಟರ್ ತೋರಿಸುತ್ತದೆ. ಚಕ್ರ ದೊಡ್ಡದಾದರೆ ಅಷ್ಟೇ ದೂರಕ್ಕೆ ಕಡಿಮೆ ಸುತ್ತು ಸಾಕು, ಮೀಟರ್ ಕಡಿಮೆ ತೋರಿಸುತ್ತದೆ.

ಟೈರ್ ಪಕ್ಕದಲ್ಲಿ ಬರೆದಿರುವ ಸಂಖ್ಯೆಯಿಂದ ಎತ್ತರ ನೀವೇ ತೆಗೆಯಬಹುದು. 165/80 ಆರ್14 ಅಂದರೆ ಅಗಲ 165 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 80, ಅಂದರೆ 132. ಮೇಲೆ ಕೆಳಗೆ ಸೇರಿ 264. ರಿಮ್ 14 ಇಂಚು, ಅಂದರೆ 355.6. ಒಟ್ಟು 619.6 ಮಿಲಿಮೀಟರ್. ಹೀಗೇ 195/65 ಆರ್15 ಲೆಕ್ಕ ಹಾಕಿದರೆ 634.5. ಶೇ 2.4 ದೊಡ್ಡದು. ಆದರೆ 132ಕ್ಕೂ 126.4ಕ್ಕೂ ಇರುವ ವ್ಯತ್ಯಾಸ ಶೇ 4ಕ್ಕಿಂತ ಮೇಲಿದೆ. ಉಳಿದದ್ದು?

ಇದು ಹೊಳೆಯಲು ಎರಡು ದಿನ ಬೇಕಾಯಿತು. ನನ್ನ ಹಳೇ ಟೈರ್ ಬೋಳಾಗಿತ್ತು! ಹೊಸ ಟೈರ್‌ನಲ್ಲಿ ತೋಡಿನ ಆಳ ಸುಮಾರು 8 ಮಿಲಿಮೀಟರ್ ಇರುತ್ತದೆ. ಕಾನೂನಿನ ಪ್ರಕಾರ 1.6ಕ್ಕೆ ಇಳಿದರೆ ತೆಗೆಯಬೇಕು. ನನ್ನದು ಸುಮಾರು 6 ಸವೆದಿತ್ತು, ಎರಡೂ ಕಡೆ ಸೇರಿ ಚಕ್ರದ ಎತ್ತರ 12 ಮಿಲಿಮೀಟರ್ ಕುಗ್ಗಿತ್ತು. ಅದು ಶೇ 2. ಅಂದರೆ ಹಳೇ ಟೈರ್‌ನಲ್ಲಿ ಮೀಟರ್ ಶೇ 2 ಜಾಸ್ತಿ ಓಡುತ್ತಿತ್ತು, ಹೊಸದರಲ್ಲಿ ಶೇ 2.4 ಕಡಿಮೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು ಪರೀಕ್ಷೆ ಮಾಡಿದೆ. ಕಲ್ಲಿನಲ್ಲಿ 50 ಆದಾಗ ನನ್ನ ಮೀಟರ್‌ನಲ್ಲಿ 48.8. ಸರಿಯಾಗಿ ಕೂಡಿತು.

ಈಗ ತಿದ್ದಿ ನೋಡಿ. ಹಳೇ ಮೈಲೇಜ್ 16.8 ಅಲ್ಲ, ನಿಜವಾಗಿ 16.5ರ ಹತ್ತಿರ. ಹೊಸದು 15.2 ಅಲ್ಲ, 15.6ರ ಹತ್ತಿರ. ನಷ್ಟ ಶೇ 5.5. ನಾನು ಬೈದುಕೊಂಡು ತಿರುಗಿದ್ದರಲ್ಲಿ ಅರ್ಧದಷ್ಟು ಪೆಟ್ರೋಲ್ ಅಲ್ಲವೇ ಅಲ್ಲ, ಬರೀ ಮೀಟರ್‌ನ ಆಟ.

ಉಳಿದರ್ಧ ನಿಜವಾದ ನಷ್ಟ. ಅದು ಎಲ್ಲಿಂದ ಬಂತು? ಮೊದಲು ತೂಕದ ಮೇಲೆ ಅನುಮಾನ. ಹಳೇ ಚಕ್ರವೊಂದು, ಹೊಸ ಚಕ್ರವೊಂದು ಎತ್ತಿಕೊಂಡು ಮಾವನ ಕಿರಾಣಿ ಅಂಗಡಿಗೆ ಹೋದೆ. ಅಕ್ಕಿ ಮೂಟೆ ತೂಗುವ ಯಂತ್ರದ ಮೇಲೆ ಇಟ್ಟೆ. "ಎಷ್ಟು ಕೆಜಿ ಕೊಡ್ಲಿ ಅಂತ ಗಿರಾಕಿ ಕೇಳಿಬಿಟ್ಟಾರು, ಬೇಗ ತೆಗೀರಿ ಅಳಿಯಂದ್ರೇ" ಅಂದರು ಮಾವ. ಹಳೇದು 14.2 ಕೆಜಿ, ಹೊಸದು 16.9. ಅಲಾಯ್ ಅಂದರೆ ಹಗುರ ಅಂದುಕೊಂಡಿದ್ದೆ. ರಿಮ್ ದೊಡ್ಡದಾಗಿ ಟೈರೂ ಅಗಲವಾದರೆ ಹಗುರ ಎಲ್ಲಿಂದ ಬರಬೇಕು?

ಆದರೂ ನಾಲ್ಕು ಚಕ್ರಕ್ಕೆ ಸೇರಿ 11 ಕೆಜಿ ಅಷ್ಟೇ. ತಿರುಗುವ ಭಾರವನ್ನು ಎಳೆದು ವೇಗಕ್ಕೆ ತರುವುದು ಕಷ್ಟ, ನಿಂತ ಭಾರದ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ ಅಂತ ಹಿಡಿದರೂ 20 ಕೆಜಿ ದಾಟುವುದಿಲ್ಲ. ಹಿಂದೆ ಒಂದು ಮಗು ಕೂತ ಹಾಗೆ. ಅದೂ ಸಿಗ್ನಲ್, ಹಂಪ್ ಜಾಸ್ತಿ ಇರುವ ಊರೊಳಗೆ ಮಾತ್ರ ಗೊತ್ತಾಗುವುದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತೂಕದ ಕಾಟ ಕಡಿಮೆ.

ನಿಜವಾದ ಕಳ್ಳ ರಬ್ಬರ್. ಟೈರ್‌ನ ತಳ ನೆಲಕ್ಕೆ ತಾಗಿದಾಗ ಚಪ್ಪಟೆಯಾಗುತ್ತದೆ, ಮೇಲೆ ಬಂದಾಗ ಮತ್ತೆ ದುಂಡಗಾಗುತ್ತದೆ. ನಮ್ಮ ಚಕ್ರ ಒಂದು ಕಿಲೋಮೀಟರ್‌ಗೆ 500ಕ್ಕೂ ಹೆಚ್ಚು ಸಲ ಸುತ್ತುತ್ತದೆ, ಅಷ್ಟೂ ಸಲ ಈ ಹಿಸುಕಾಟ. ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ದೂರ ಓಡಿಸಿ ಬಂದು ಟೈರ್ ಮುಟ್ಟಿ ನೋಡಿ, ಆ ಬಿಸಿ ನಿಮ್ಮ ಪೆಟ್ರೋಲೇ. ಹೊಸ ಟೈರ್‌ನಲ್ಲಿ ರಬ್ಬರ್ ದಪ್ಪ, ಆದ್ದರಿಂದ ಈ ತಡೆ ಜಾಸ್ತಿ. ಸವೆದಂತೆ ಕಡಿಮೆಯಾಗುತ್ತದೆ. ಅಂದರೆ ನಾನು ಹೋಲಿಸಿದ್ದೇ ಅನ್ಯಾಯವಾಗಿ: ಸವೆದ ಸಣ್ಣ ಟೈರ್ ಒಂದು ಕಡೆ, ಹೊಸ ಅಗಲದ ಟೈರ್ ಇನ್ನೊಂದು ಕಡೆ. ಅಗಲ ಜಾಸ್ತಿಯಾದರೆ ಎದುರಿನ ಗಾಳಿಗೂ ಸ್ವಲ್ಪ ಹೆಚ್ಚು ಮೈ ಒಡ್ಡಿದ ಹಾಗೆ. ಈ ಉರುಳುವ ತಡೆ ಶೇ 10 ಬದಲಾದರೆ ಇಂಧನದಲ್ಲಿ ಶೇ 1ರಿಂದ 2 ವ್ಯತ್ಯಾಸ ಬರುತ್ತದೆ ಅಂತ ಅಮೆರಿಕದ ಸಾರಿಗೆ ಸಂಶೋಧನಾ ಮಂಡಳಿ (ಟಿಆರ್‌ಬಿ) 2006ರ ವರದಿಯಲ್ಲಿ ಹೇಳಿದೆ. ಒಂದೇ ಅಳತೆಯ ಎರಡು ಟೈರ್‌ಗಳ ನಡುವೆಯೂ ಈ ತಡೆ ಬೇರೆ ಬೇರೆ ಇರುತ್ತದೆ, ರಬ್ಬರ್ ಮಿಶ್ರಣದಿಂದ. ಬರೀ ಇಂಚು ನೋಡಿ ಟೈರ್ ಆರಿಸುವುದು ಅರ್ಧ ಕೆಲಸ.

ಟೈರ್ ಒಳಗಿನ ಗಾಳಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಟೈರ್ ತಣ್ಣಗಿದ್ದಾಗ ನನ್ನ ಗೇಜಿನಲ್ಲಿ ನೋಡಿದರೆ ಎರಡು ಚಕ್ರದಲ್ಲಿ ಒತ್ತಡ 26 ಪಿಎಸ್‌ಐ ಮಾತ್ರ ಇತ್ತು, ಇರಬೇಕಾದ್ದಕ್ಕಿಂತ ಕಡಿಮೆ. ಸರಿ ಮಾಡಿದ ಮೇಲೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ, 15.2 ಇದ್ದದ್ದು 15.3 ಆಯಿತು. ಅಷ್ಟು ಚಿಕ್ಕ ಏರಿಕೆಯನ್ನು ನನ್ನ ನೋಟ್‌ಬುಕ್ ನಂಬಿ ಹೇಳುವ ಹಾಗೂ ಇಲ್ಲ.

ದುಡ್ಡಿನ ಲೆಕ್ಕ ಇಷ್ಟು. ತಿಂಗಳಿಗೆ 1,200 ಕಿಲೋಮೀಟರ್ ಓಡಿಸುತ್ತೇನೆ. ನಾಲ್ಕು ಲೀಟರ್ ಚಿಲ್ಲರೆ ಹೆಚ್ಚಿಗೆ ಬೇಕು, ಲೀಟರ್‌ಗೆ 103 ರೂಪಾಯಿ ಹಿಡಿದರೆ 430. ಅದನ್ನು ಉಳಿಸಲು ಮತ್ತೆ ನಾಲ್ಕು ಟೈರ್ ಕೊಳ್ಳುವುದು ಹುಚ್ಚುತನ. ಆದರೂ ಕೊಂಡೆ, ಪೆಟ್ರೋಲಿಗಾಗಿ ಅಲ್ಲ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿಸಿ ಹಂಪ್ ಇಳಿದರೆ ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತಿತ್ತು. ಕಾರು ಏಳು ಮಿಲಿಮೀಟರ್ ಎತ್ತರವಾಗಿ ಹಳ್ಳಿ ರಸ್ತೆಗೆ ಹಿತವಾಗಿತ್ತು ನಿಜ, ಆದರೆ ಆ ಉಜ್ಜುವ ಸದ್ದು ಕೇಳಿದಾಗೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಈ ಸಲ ಅಂಗಡಿಯವರನ್ನು ಕೇಳಲಿಲ್ಲ. ಇದೇ ಸ್ವಿಫ್ಟ್‌ನ ಮೇಲಿನ ಮಾದರಿ ಝಡ್‌ಎಕ್ಸ್‌ಐಗೆ ಕಂಪನಿಯವರೇ ಹಾಕುತ್ತಿದ್ದ ಅಳತೆ 185/65 ಆರ್15. ಲೆಕ್ಕ ಹಾಕಿದೆ: 621.5 ಮಿಲಿಮೀಟರ್. ಮೂಲ ಟೈರ್‌ಗೂ ಇದಕ್ಕೂ ಎರಡೇ ಮಿಲಿಮೀಟರ್ ವ್ಯತ್ಯಾಸ! ಅಲಾಯ್ ಅದೇ ಉಳಿಸಿಕೊಂಡೆ, ಟೈರ್ ಮಾತ್ರ ಬದಲಿಸಿದೆ. 195ರ ಟೈರ್‌ಗಳನ್ನು ಅರ್ಧ ಬೆಲೆಗೂ ಕಡಿಮೆಗೆ ಮಾರಿದೆ. ಈಗ ಗಾಳಿಯಿಲ್ಲದ ತಿಂಗಳುಗಳಲ್ಲಿ 16.2 ಕೊಡುತ್ತಿದೆ. ಈ 16.2ಕ್ಕೆ ತಿದ್ದುಪಡಿ ಬೇಡ.

ಸ್ಟೆಪ್ನಿ ಮಾತ್ರ ಹಳೇ 14 ಇಂಚಿನದೇ. ಹೋದ ತಿಂಗಳು ಶಿರಾ ದಾಟಿದ ಮೇಲೆ ಪಂಕ್ಚರ್ ಆಯಿತು. 195ರ ಕಾಲದಲ್ಲಾಗಿದ್ದರೆ ಒಂದೇ ಸಾಲಿನಲ್ಲಿ ಒಂದು ಚಕ್ರ ಗಿಡ್ಡ, ಒಂದು ಎತ್ತರ ಆಗಿ ಹೆದರಿಕೊಂಡೇ ಓಡಿಸಬೇಕಿತ್ತು. ಈಗ ಕಬ್ಬಿಣದ ಚಕ್ರ ಹಾಕಿಕೊಂಡು ನಿಧಾನವಾಗಿ ಮನೆ ಸೇರಿದೆ, ಸ್ಟಿಯರಿಂಗ್ ಯಾವ ಕಡೆಗೂ ಎಳೆಯಲಿಲ್ಲ. ಇಳಿಯುವ ಮುಂಚೆ ಟ್ರಿಪ್ ಮೀಟರ್ ನೋಡಿದೆ. 129.